ಒಂದೇ ವಿಂಗ್ ಚುನ್, ಎರಡು ಸಿಯು ನಿಮ್ ತಾವ್: ಯಾವುದು ಸರಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಆರು ವರ್ಷ ವಿಂಗ್ ಚುನ್ ಕುಂಗ್ ಫೂ ಕಲಿತೆ. ಅದರ ಮೂರು ಕೈ ಫಾರ್ಮ್‌ಗಳಲ್ಲಿ (ಒಬ್ಬರೇ ಮಾಡುವ ಚಲನೆಗಳ ನಿಗದಿತ ಸರಣಿ) ಮೊದಲಿನ ಸಿಯು ನಿಮ್ ತಾವ್, ಚುಮ್ ಕಿಯು ಎರಡೂ ಮುಗಿದಿದ್ದವು. ಕಳೆದ ವರ್ಷ ಕೆಲಸದ ಮೇಲೆ ಮೆಲ್ಬರ್ನ್‌ಗೆ ಬಂದೆ. ಇಲ್ಲಿ ಸೇರಿದ ಸ್ಕೂಲ್ ಕೂಡ ಬ್ರೂಸ್ ಲೀಯ ಗುರು ಇಪ್ ಮ್ಯಾನ್ ಪರಂಪರೆಯದ್ದೇ. ಆದರೆ ಇಲ್ಲಿನ ಸಿಫು (ಗುರು) ನನ್ನ ಫಾರ್ಮ್ ನೋಡಿದವರೇ "ಇದನ್ನೆಲ್ಲ ಮರೆತುಬಿಡು" ಅಂದರು. ಫುಕ್ ಸಾವ್ ಎಂಬ ಕೈ ಚಲನೆ ಬೇರೆ. ಮೈ ತಿರುಗಿಸುವಾಗ ನಮ್ಮಲ್ಲಿ ತೂಕವೆಲ್ಲ ಹಿಂಗಾಲಿನ ಮೇಲೆ, ಪಾದ ಒಂದೊಂದಾಗಿ ತಿರುಗುತ್ತದೆ. ಇಲ್ಲಿ ತೂಕ ಎರಡೂ ಕಾಲಿಗೆ ಸಮ, ಎರಡೂ ಪಾದ ಒಟ್ಟಿಗೆ ಹಿಮ್ಮಡಿಯ ಮೇಲೆ ತಿರುಗುತ್ತವೆ. ಮರದ ಡಮ್ಮಿಯ (ಹೊಡೆದು ಅಭ್ಯಾಸ ಮಾಡುವ ಕಂಬ) ಫಾರ್ಮ್ ಕೂಡ ನಮ್ಮಲ್ಲಿ 108 ಚಲನೆ, ಇಲ್ಲಿ 116. ಹಳೆಯ ಗುರುಗಳಿಗೆ ಫೋನ್ ಮಾಡಿದರೆ "ನಮ್ಮದೇ ಮೂಲ, ಅವರು ಬದಲಾಯಿಸಿದ್ದಾರೆ" ಎನ್ನುತ್ತಾರೆ. ಇಬ್ಬರನ್ನೂ ಬಿಡಲಾರದೆ ಎರಡನ್ನೂ ಮಾಡುತ್ತಿದ್ದೇನೆ. ಈಗ ಬಲ ಮೊಣಕಾಲಿನ ಒಳಬದಿ ನೋವು ಶುರುವಾಗಿದೆ. ಅಸಲಿ ಯಾವುದು? ನನ್ನ ಆರು ವರ್ಷ ದಂಡವಾಯಿತಾ? ಎರಡನ್ನೂ ಇಟ್ಟುಕೊಳ್ಳಬಹುದಾ?

ಉತ್ತರ: ಮೊದಲು ಮೊಣಕಾಲಿನ ವಿಷಯ. ಪರಂಪರೆಯ ಜಗಳ ಒಂದು ತಿಂಗಳು ಕಾದರೂ ಏನೂ ಕೆಡುವುದಿಲ್ಲ, ಮೊಣಕಾಲು ಹಾಗಲ್ಲ. ತಿರುಗುವ ಅಭ್ಯಾಸವನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಸಿಯು ನಿಮ್ ತಾವ್ ಬಿಡಲಾಗದಿದ್ದರೆ ಕುರ್ಚಿ ಮೇಲೆ ಕೂತು ಮಾಡಿ. ಅದರಲ್ಲಿ ಕಾಲು ನಿಂತ ಜಾಗದಿಂದ ಅಲ್ಲಾಡುವುದೇ ಇಲ್ಲ, ಹಾಗಾಗಿ ಕೈಯ ಕೆಲಸ ಕೂತೇ ನಡೆಯುತ್ತದೆ. ಊತ ಬಂದರೆ, ಮೆಟ್ಟಿಲು ಇಳಿಯುವಾಗ ಮೊಣಕಾಲು ಕೈಕೊಟ್ಟ ಹಾಗೆ ಆದರೆ, ಮಡಚಿದ ಕಾಲು ಬಿಡಿಸುವಾಗ ಎಲ್ಲೋ ಸಿಕ್ಕಿಕೊಂಡರೆ, ತಡ ಮಾಡದೆ ವೈದ್ಯರನ್ನೋ ಫಿಸಿಯೊವನ್ನೋ ನೋಡಿ. ಈ ನೋವು ಯಾಕೆ ಬಂತು ಅಂತ ನನಗೊಂದು ಗುಮಾನಿ ಇದೆ. ಅದು ನಿಮ್ಮ ಮುಖ್ಯ ಪ್ರಶ್ನೆಗೇ ಅಂಟಿಕೊಂಡಿದೆ. ಸ್ವಲ್ಪ ಮುಂದೆ ಹೇಳುತ್ತೇನೆ.

ಈಗ 'ಅಸಲಿ' ವಿಚಾರಕ್ಕೆ ಬರೋಣ. ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುವ ಭಯ ಒಂದೇ. ಯಾರೋ ಒಬ್ಬರು ನನಗೆ ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ, ಯಾರು ಅಂತ ಗೊತ್ತಾಗುತ್ತಿಲ್ಲ, ಅಲ್ವಾ? ಬೇರೆ ಶಾಖೆಯಲ್ಲಿ ಕಲಿತು ನನ್ನ ಕ್ಲಾಸಿಗೆ ಬರುವವರಲ್ಲೂ ಇದೇ ಭಯ ಕಾಣುತ್ತೇನೆ. ಈ ಭಯದ ಹಿಂದೆ ಒಂದು ನಂಬಿಕೆ ಇದೆ. ಯಾವುದೋ ಕಾಲದಲ್ಲಿ ಒಂದೇ ಒಂದು ಪರಿಪೂರ್ಣ ಸಿಯು ನಿಮ್ ತಾವ್ ಇತ್ತು, ಆಮೇಲೆ ಬಂದವರೆಲ್ಲ ಅದನ್ನು ಕೆಡಿಸಿದರು ಅಂತ. ಆ ನಂಬಿಕೆಗೆ ಆಧಾರವಿಲ್ಲ.

ಎಂಗ್ ಮುಯಿ ಎಂಬ ಶಾವೊಲಿನ್ ಸನ್ಯಾಸಿನಿ, ಅವಳ ಶಿಷ್ಯೆ ಯಿಮ್ ವಿಂಗ್ ಚುನ್, ಹಾವು ಕೊಕ್ಕರೆಯ ಕಾಳಗ, ಈ ಕಥೆಯನ್ನು ಬಹಳಷ್ಟು ಸ್ಕೂಲುಗಳು ಹೇಳುತ್ತವೆ. ಕೇಳಲು ಚೆನ್ನಾಗಿದೆ, ನಾನೂ ಹೇಳುತ್ತೇನೆ. ಆದರೆ ಅದಕ್ಕೆ ದಾಖಲೆ ಇಲ್ಲ. ಸ್ವಲ್ಪ ಗಟ್ಟಿ ನೆಲ ಸಿಗುವುದು 19ನೇ ಶತಮಾನದ ಫೋಶಾನ್ ಪಟ್ಟಣದಲ್ಲಿ. ಅದು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿದೆ. ಅಲ್ಲಿ ಲೆಯುಂಗ್ ಜಾನ್ ಎಂಬ ನಾಟಿ ವೈದ್ಯರಿದ್ದರು. ಅವರ ಶಿಷ್ಯ ಚಾನ್ ವಾ ಶುನ್, ಚಿಲ್ಲರೆ ಹಣ ಬದಲಾಯಿಸುವ ವ್ಯಾಪಾರಿ. ಅವರ ಕೊನೆಯ ಶಿಷ್ಯರಲ್ಲಿ ಒಬ್ಬರು ಇಪ್ ಮ್ಯಾನ್.

ಈಗ ನೋಡಿ ತಮಾಷೆ. ಇದೇ ಲೆಯುಂಗ್ ಜಾನ್ ವಯಸ್ಸಾದ ಮೇಲೆ ಫೋಶಾನ್ ಬಿಟ್ಟು ತಮ್ಮ ಸ್ವಂತ ಊರು ಗುಲಾವ್‌ಗೆ ಹೋದರು. ಅಲ್ಲೂ ಕೆಲವರಿಗೆ ಕಲಿಸಿದರು. ಆ ಊರಿನ ವಿಂಗ್ ಚುನ್ ಇವತ್ತಿಗೂ ಉಳಿದಿದೆ. ಅದರ ಬೆನ್ನೆಲುಬು ಉದ್ದದ ಫಾರ್ಮ್‌ಗಳಲ್ಲ, ಚಿಕ್ಕ ಚಿಕ್ಕ ಬಿಡಿ ಅಭ್ಯಾಸಗಳು. ಮೈಯನ್ನು ಓರೆಯಾಗಿಟ್ಟು ನಿಲ್ಲುವುದು ಅವರ ಗುರುತು. ಅದೇ ಮನುಷ್ಯರಿಂದ ಫೋಶಾನ್ ಕಡೆ ಇಳಿದದ್ದು ಉದ್ದದ ಫಾರ್ಮ್‌ಗಳು. ಪಟ್ಟಣದಲ್ಲಿ ಒಂದು ಪಾಠ, ಹಳ್ಳಿಯಲ್ಲಿ ಇನ್ನೊಂದು. ಎರಡರಲ್ಲಿ ಯಾವುದನ್ನು ನಕಲಿ ಅನ್ನುತ್ತೀರಿ? ಫೋಶಾನ್‌ನಲ್ಲೇ ಇದ್ದ ಯುಯೆನ್ ಕೇ ಸಾನ್ ಅವರ ಸಾಲು ಇನ್ನೊಂದು ಬಗೆ. ಅವರ ಶಿಷ್ಯ ಸಮ್ ನುಂಗ್ ಅದನ್ನು ಗುವಾಂಗ್‌ಝೌನಲ್ಲಿ ಬೆಳೆಸಿದರು. ಅವರ ಮೊದಲ ಫಾರ್ಮ್‌ನಲ್ಲಿ ನಿಮ್ಮ ಎರಡೂ ಸ್ಕೂಲುಗಳಲ್ಲಿ ಇಲ್ಲದ ಚಲನೆಗಳು ಸಿಗುತ್ತವೆ. ಇಪ್ ಮ್ಯಾನ್ ಶಿಷ್ಯರ ನಡುವಿನ ವ್ಯತ್ಯಾಸ ಅದರ ಮುಂದೆ ಏನೇನೂ ಅಲ್ಲ.

ಇಪ್ ಮ್ಯಾನ್ ಕಲಿತದ್ದೂ ಒಂದೇ ಕಡೆಯಲ್ಲ. ಚಾನ್ ವಾ ಶುನ್ ತೀರಿಕೊಂಡ ಮೇಲೆ ಹಿರಿಯ ಶಿಷ್ಯ ಎಂಗ್ ಚುಂಗ್ ಸೊ ಹತ್ತಿರ ಮುಂದುವರಿಸಿದರು. ಹಾಂಗ್‌ಕಾಂಗ್‌ನಲ್ಲಿ ಓದುವಾಗ ಲೆಯುಂಗ್ ಜಾನ್ ಅವರ ಮಗ ಲೆಯುಂಗ್ ಬಿಕ್ ಹತ್ತಿರವೂ ಕಲಿತೆ ಎಂದು ಅವರೇ ಹೇಳುತ್ತಿದ್ದರು. ಈ ಕೊನೆಯದನ್ನು ಒಪ್ಪದವರೂ ಇದ್ದಾರೆ, ಅದು ಬಿಡಿ. 1950ರಲ್ಲಿ ಅವರು ಹಾಂಗ್‌ಕಾಂಗ್‌ನ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಕಲಿಸಲು ಶುರು ಮಾಡಿದಾಗ ವಯಸ್ಸು 57ರ ಹತ್ತಿರ. 1972ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ 79. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಲಿಸಿದ ಯಾವ ಮೇಷ್ಟರು ಮೊದಲ ಬ್ಯಾಚಿಗೆ ಹೇಳಿದ್ದನ್ನೇ ಕೊನೆಯ ಬ್ಯಾಚಿಗೂ ಹಾಗೆಯೇ ಹೇಳುತ್ತಾರೆ?

ಲೆಯುಂಗ್ ಶ್ಯೂಂಗ್, ಲೋಕ್ ಯಿಯು ಮೊದಲ ಕಂತಿನವರು. ಚೂ ಶೊಂಗ್ ಟಿನ್, ವೊಂಗ್ ಶುನ್ ಲೆಯುಂಗ್ ಬೆನ್ನಿಗೇ ಬಂದರು. ಇಪ್ ಮ್ಯಾನ್ ಅವರ ಸ್ವಂತ ಮಕ್ಕಳು ಇಪ್ ಚುನ್, ಇಪ್ ಚಿಂಗ್ ಹಾಂಗ್‌ಕಾಂಗ್‌ಗೆ ಬಂದದ್ದೇ 1962ರಲ್ಲಿ. ಇದರ ಜೊತೆ ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಕ್ಲಾಸಿನಲ್ಲಿ ಹೊಸಬರ ಕೈ ಹಿಡಿದು ತಿದ್ದುತ್ತಿದ್ದವರು ಹೆಚ್ಚಾಗಿ ಹಿರಿಯ ಹುಡುಗರು. ಬ್ರೂಸ್ ಲೀ ಇಪ್ ಮ್ಯಾನ್ ಶಿಷ್ಯ ಅನ್ನುತ್ತೇವೆ, ಸರಿಯೇ. ಆದರೆ ಅವನ ಬಹುಪಾಲು ತಾಲೀಮು ನಡೆದದ್ದು ವೊಂಗ್ ಶುನ್ ಲೆಯುಂಗ್ ತರಹದ ಹಿರಿಯರ ಕೈಯಲ್ಲಿ. ಆ ಹಿರಿಯರಿಗೆ ಅವರವರದೇ ಹುಚ್ಚು. ವೊಂಗ್ ಮಹಡಿಗಳ ಮೇಲೆ ನಡೆಯುತ್ತಿದ್ದ ಗುಟ್ಟಿನ ಪಂದ್ಯಗಳಲ್ಲಿ ಹೊಡೆದಾಡಿ ಹೆಸರು ಮಾಡಿದವರು. ಏಟಿಗೆ ಉಪಯೋಗ ಬೀಳದ್ದನ್ನು ಅವರು ಇಟ್ಟುಕೊಳ್ಳುತ್ತಿರಲಿಲ್ಲ. ಚೂ ಶೊಂಗ್ ಟಿನ್ ಅವರನ್ನು 'ಸಿಯು ನಿಮ್ ತಾವ್ ರಾಜ' ಎಂದೇ ಕರೆಯುತ್ತಿದ್ದರು. ಅವರು ಅದೇ ಫಾರ್ಮನ್ನು ನಿಧಾನವಾಗಿ, ಮೈಯೆಲ್ಲ ಸಡಿಲ ಬಿಟ್ಟು ಮಾಡುತ್ತಿದ್ದರು. ಗುರು ಒಬ್ಬರೇ, ಶಿಷ್ಯರು ಎತ್ತಿಕೊಂಡದ್ದು ಬೇರೆ ಬೇರೆ.

ಸಂಗೀತ ಕಲಿತವರಿಗೆ ಇದು ಹೊಸದಲ್ಲ. ತ್ಯಾಗರಾಜರ ಒಂದೇ ಕೃತಿಗೆ ಹತ್ತು ಪಾಠಾಂತರ ಇರುತ್ತವೆ, ಯಾವುದನ್ನೂ ಯಾರೂ ನಕಲಿ ಅನ್ನುವುದಿಲ್ಲ.

"ಆದರೆ ಇಪ್ ಮ್ಯಾನ್ ಅವರದ್ದೇ ಫಿಲ್ಮ್ ಇದೆಯಲ್ಲ, ಅದನ್ನು ನೋಡಿ ತೀರ್ಮಾನ ಮಾಡಬಾರದಾ?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಫಿಲ್ಮ್ ಇರುವುದು ನಿಜ. 1972ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮೊದಲು, ಕಾಯಿಲೆಯಲ್ಲಿದ್ದಾಗ ತೆಗೆದದ್ದು. ಸಿಯು ನಿಮ್ ತಾವ್, ಚುಮ್ ಕಿಯು, ಮರದ ಡಮ್ಮಿ ಇವೆ. ಮೂರನೆಯ ಕೈ ಫಾರ್ಮ್ ಬಿಯು ಜಿ ಇಲ್ಲ. ನಾನು ಅದನ್ನು ಪ್ರತಿ ವಿದ್ಯಾರ್ಥಿಗೂ ತೋರಿಸುತ್ತೇನೆ. ಆದರೆ ಅದರಿಂದ ಜಗಳ ತೀರಿಲ್ಲ, ಹೆಚ್ಚಿದೆ. ಒಂದೇ ಫಿಲ್ಮನ್ನು ಎಲ್ಲ ಶಾಖೆಯವರೂ ತಮ್ಮ ಸಾಕ್ಷಿ ಅನ್ನುತ್ತಾರೆ. ಯಾಕೆಂದರೆ ಅದರಲ್ಲಿ ಕಾಣುವುದು ಆಕಾರ ಮಾತ್ರ. ಸೊರಗಿದ 79ರ ಮನುಷ್ಯರೊಬ್ಬರು ಸ್ವಲ್ಪ ಹಿಂದಕ್ಕೆ ವಾಲಿದರೆ ಅದು ಪಾಠವೋ ಸುಸ್ತೋ ಹೇಗೆ ಹೇಳುತ್ತೀರಿ? ಮೊಣಕೈಯಲ್ಲಿ ಎಷ್ಟು ಒತ್ತಡ ಇದೆ, ತೂಕ ಪಾದದ ಯಾವ ಭಾಗದಲ್ಲಿದೆ ಎಂಬುದು ಕ್ಯಾಮೆರಾಗೆ ಕಾಣುವುದಿಲ್ಲ. ಕೈಗೆ ಕೈ ಕೊಟ್ಟರೆ ಮಾತ್ರ ಗೊತ್ತಾಗುತ್ತದೆ.

ಹಾಗಂತ ಎಲ್ಲ ವ್ಯತ್ಯಾಸವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಲ್ಲೇ ನೀವು ಎಡವಿದ್ದೀರಿ ಎಂದು ಕಾಣುತ್ತದೆ. ಕೆಲವು ವ್ಯತ್ಯಾಸ ಬರೀ ಹೊರಗಿನವು. ಕೊನೆಯಲ್ಲಿ ಸರಣಿ ಗುದ್ದು ಮೂರೋ ಐದೋ, ಆರಂಭದಲ್ಲಿ ಕೈಗಳನ್ನು ಕತ್ತರಿಯಂತೆ ಕೆಳಗೆ ದಾಟಿಸಿದಾಗ ಬೆರಳು ಎಷ್ಟು ಕೆಳಗೆ ಹೋಗಬೇಕು, ಬಿಯು ಜಿಯಲ್ಲಿ ಮೊಣಕೈ ಏಟು ಎಷ್ಟು ಸಲ. ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಮನೆಯಲ್ಲಿದ್ದೀರೋ ಆ ಮನೆಯ ಹಾಗೆ ಮಾಡಿ.

ಡಮ್ಮಿಯ 108, 116 ಕೂಡ ಹೆಚ್ಚುಕಡಿಮೆ ಇದೇ ಜಾತಿ. ಒಂದು ಕೈ ತಡೆದು ಇನ್ನೊಂದು ಹೊಡೆದು ಕಾಲೂ ಒದ್ದರೆ ಅದು ಒಂದು ಚಲನೆಯೋ ಮೂರೋ? ಲೆಕ್ಕ ಹಾಕುವವರ ಮೇಲೆ ಹೋಗುತ್ತದೆ. ಮೇಲಾಗಿ 108 ನಮಗೆ ಹೇಗೋ ಚೀನೀಯರಿಗೂ ಹಾಗೆ, ಶುಭದ ಸಂಖ್ಯೆ. ಇಪ್ ಮ್ಯಾನ್ ಹಾಂಗ್‌ಕಾಂಗ್‌ನಲ್ಲಿ ಈ ಫಾರ್ಮನ್ನು ಮತ್ತೆ ಜೋಡಿಸಿದ್ದೂ ಉಂಟು. ಡಮ್ಮಿಯೇ ಬದಲಾಯಿತು. ಫೋಶಾನ್‌ನಲ್ಲಿ ಅದನ್ನು ನೆಲದಲ್ಲಿ ಹೂಳುತ್ತಿದ್ದರು. ಹಾಂಗ್‌ಕಾಂಗ್‌ನ ಫ್ಲ್ಯಾಟ್‌ನಲ್ಲಿ ನೆಲ ಅಗೆಯುವುದು ಹೇಗೆ? ಗೋಡೆಗೆ ಚೌಕಟ್ಟು ಹೊಡೆದು, ಎರಡು ತೆಳು ಅಡ್ಡಪಟ್ಟಿಗಳ ಮೇಲೆ ತೂಗುಹಾಕಿದರು. ಹೊಡೆದರೆ ಅದು ಈಗ ಸ್ವಲ್ಪ ಕೊಡುತ್ತದೆ, ತಿರುಗಿ ಬರುತ್ತದೆ. ಇವತ್ತು ಎಲ್ಲರೂ 'ಸಾಂಪ್ರದಾಯಿಕ' ಅಂತ ಕೊಳ್ಳುವ ಡಮ್ಮಿ ಈ ಬಾಡಿಗೆ ಮನೆಯ ಡಮ್ಮಿಯೇ. ನೀವಿನ್ನೂ ಡಮ್ಮಿ ಮುಟ್ಟಿಲ್ಲ, ಹಾಗಾಗಿ ಈ ಲೆಕ್ಕವನ್ನು ಇಲ್ಲಿಗೇ ಬಿಡಿ.

ಫುಕ್ ಸಾವ್ ಅಷ್ಟು ಹಗುರವಲ್ಲ. ಸಿಯು ನಿಮ್ ತಾವ್‌ನ ಮೊದಲ ಭಾಗದಲ್ಲಿ, ಒಂದು ತಾನ್ ಸಾವ್ (ಅಂಗೈ ಮೇಲಾಗಿ ಮುಂದೆ ಚಾಚುವ ಕೈ) ಆದ ಮೇಲೆ, ಮಣಿಕಟ್ಟು ಮಡಚಿದ ಕೈಯನ್ನು ಮೂರು ಸಲ ನಿಧಾನವಾಗಿ ಮುಂದೆ ದೂಡುತ್ತೇವಲ್ಲ, ಅದು. ಕೆಲವು ಶಾಖೆಗಳಲ್ಲಿ ಮೊಣಕೈಯನ್ನು ಎದೆಯ ನಡುಗೆರೆಗೆ ಬಲವಾಗಿ ಎಳೆದು, ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಮಡಚುತ್ತಾರೆ. ಭುಜದ ಕೆಳಗೆ ಚೆನ್ನಾಗಿ ಹಿಡಿಯುತ್ತದೆ. ಇನ್ನು ಕೆಲವು ಕಡೆ ಮಣಿಕಟ್ಟು ಸಡಿಲ, ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿ ದೂರದಲ್ಲಿ ತನ್ನ ಪಾಡಿಗೆ ಇರುತ್ತದೆ. ಮೊದಲಿನವರು ಮೊಣಕೈಗೆ ಒಂದು ದಾರಿ ಕಲಿಸುತ್ತಿದ್ದಾರೆ. ಗುದ್ದುವಾಗ ಮೊಣಕೈ ಹೊರಗೆ ಓಡಬಾರದು ಎಂಬುದು ಅವರ ಚಿಂತೆ. ಎರಡನೆಯವರು ಎದುರಿನವರ ಒತ್ತಡವನ್ನು ಓದುವುದನ್ನು ಕಲಿಸುತ್ತಿದ್ದಾರೆ. ಬಿಗಿದ ಕೈಗೆ ಏನೂ ಕೇಳಿಸುವುದಿಲ್ಲ ಎಂಬುದು ಅವರ ವಾದ. ಎರಡೂ ನ್ಯಾಯವೇ. ಒಂದನ್ನು ಮಾಡುತ್ತಾ ಇನ್ನೊಂದರ ಫಲ ಕೇಳಿದರೆ ಮಾತ್ರ ಸಿಗುವುದಿಲ್ಲ. ಇಂಥ ಕಡೆ ಕೇಳಬೇಕಾದ ಪ್ರಶ್ನೆ "ಯಾರದ್ದು ಸರಿ" ಅಂತಲ್ಲ, "ಇದು ಏನನ್ನು ತಿದ್ದುತ್ತಿದೆ" ಅಂತ.

ಮೂರನೆಯದು ತಿರುಗುವಿಕೆ. ಇದು ಫಾರ್ಮ್‌ನ ಎಂಜಿನ್, ಇಲ್ಲಿ ಬೆರಕೆ ನಡೆಯುವುದಿಲ್ಲ. ನಿಮ್ಮ ಹಳೆಯ ಪದ್ಧತಿಯಲ್ಲಿ ತೂಕವೆಲ್ಲ ಒಂದು ಕಾಲಿಗೆ ಹೋಗುತ್ತದೆ, ಖಾಲಿಯಾದ ಪಾದ ತಿರುಗುತ್ತದೆ. ಭಾರ ಇಲ್ಲದ ಪಾದ ಆರಾಮವಾಗಿ ತಿರುಗುತ್ತದೆ, ಮೊಣಕಾಲಿಗೆ ತೊಂದರೆ ಇಲ್ಲ. ಹೊಸ ಪದ್ಧತಿಯಲ್ಲಿ ತೂಕ ಸಮವಾಗಿ ಹಂಚಿರುತ್ತದೆ, ಎರಡೂ ಪಾದ ಸೊಂಟದ ಜೊತೆ ಒಟ್ಟಿಗೆ ತಿರುಗುತ್ತವೆ. ಯಾವ ಕಾಲಿನ ಮೇಲೂ ಪೂರ್ತಿ ಭಾರ ಇರುವುದಿಲ್ಲ. ಅದೂ ಸರಿಯಾಗಿದೆ. ಈಗ ನಿಮ್ಮ ಮೈ ಏನು ಮಾಡುತ್ತಿರಬಹುದು ಯೋಚಿಸಿ. ಆರು ವರ್ಷದ ಅಭ್ಯಾಸಕ್ಕೆ ತೂಕವನ್ನೆಲ್ಲ ಬಲಗಾಲಿಗೆ ಹಾಕುತ್ತಿದೆ. ಹೊಸ ಪಾಠ ನೆನಪಾಗಿ ಅದೇ ಬಲಪಾದವನ್ನು ತಿರುಗಿಸುತ್ತಿದೆ. ಮೈಭಾರವೆಲ್ಲ ಹೊತ್ತ ಪಾದ ನೆಲ ಕಚ್ಚಿ ಹಿಡಿಯುತ್ತದೆ. ಸೊಂಟ ತಿರುಗಿತು, ಪಾದ ತಿರುಗಲಿಲ್ಲ. ನಡುವೆ ಸಿಕ್ಕಿದ್ದು ಮೊಣಕಾಲು. ರಬ್ಬರ್ ಮ್ಯಾಟ್ ಮೇಲೆ ಶೂ ಹಾಕಿ ಮಾಡುತ್ತಿದ್ದರೆ ಇನ್ನೂ ಕಷ್ಟ.

ಇದು ನಿಮ್ಮನ್ನು ನೋಡದೆ ಹೇಳುತ್ತಿರುವ ಮಾತು. ಆದರೆ ಎರಡು ಶಾಖೆಗಳ ನಡುವೆ ಓಡಾಡುವವರಲ್ಲಿ ಒಳ ಮೊಣಕಾಲಿನ ನೋವನ್ನು ಬಹಳ ನೋಡಿದ್ದೇನೆ, ಕಾರಣ ಹೆಚ್ಚಿನ ಸಲ ಇದೇ. ನಿಲುವನ್ನೂ ಒಮ್ಮೆ ನೋಡಿಕೊಳ್ಳಿ. ಬೆರಳು ಒಳಕ್ಕೆ ಮಾಡಿ ನಿಲ್ಲುವ ನಮ್ಮ ಯೀ ಜಿ ಕಿಮ್ ಯೆಯುಂಗ್ ಮಾದಲ್ಲಿ ಪಾದ ಅತಿಯಾಗಿ ಒಳಕ್ಕೆ ಹೋಗಬಾರದು. ಮೊಣಕಾಲು ಪಾದದ ಎರಡನೆಯ ಬೆರಳಿನ ನೇರಕ್ಕೆ ಇರಬೇಕು, ಅದನ್ನು ದಾಟಿ ಒಳಗೆ ಬೀಳಬಾರದು. 'ಮೊಣಕಾಲಲ್ಲಿ ಕುರಿ ಹಿಡಿ' ಎಂಬ ಹಳೆಯ ಸೂಚನೆಯನ್ನು ಅಕ್ಷರಶಃ ತೆಗೆದುಕೊಂಡು ಮಂಡಿ ಕೂಡಿಸಿ ಹಾಳು ಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಹಿಡಿತ ತೊಡೆಯ ಒಳಭಾಗದಲ್ಲಿ ಬರಬೇಕು.

ಮುಂದೇನು ಮಾಡಬಹುದು? ನನ್ನ ಮೊದಲ ಆಯ್ಕೆ ಹೇಳುತ್ತೇನೆ. ಒಂದು ವರ್ಷ ಹೊಸ ಸಿಫು ಹೇಳಿದ ಹಾಗೆ ಪೂರ್ತಿ ಮಾಡಿ. ಅರ್ಧಂಬರ್ಧ ಬೇಡ. ಶುರು ಮಾಡುವ ಮೊದಲು ನಿಮ್ಮ ಹಳೆಯ ಎರಡು ಫಾರ್ಮ್‌ಗಳನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ವಿಡಿಯೊ ಮಾಡಿ ಇಟ್ಟುಕೊಳ್ಳಿ, ಮೊಣಕಾಲು ಒಪ್ಪಿದ ಮೇಲೆ. ಇದರಲ್ಲಿ ನಷ್ಟ ಇಲ್ಲದಿಲ್ಲ. ಮೊದಲ ಕೆಲವು ತಿಂಗಳು ಚಿ ಸಾವ್‌ನಲ್ಲಿ (ಕೈಗೆ ಕೈ ಅಂಟಿಸಿ ಮಾಡುವ ಜೋಡಿ ಅಭ್ಯಾಸ) ನಿಮಗಿಂತ ಚಿಕ್ಕವರ ಕೈಯಲ್ಲೂ ಏಟು ತಿನ್ನುತ್ತೀರಿ. ಹಳೆಯದು ಮಸುಕಾಗುತ್ತದೆ. ಅಹಂಕಾರಕ್ಕೆ ಪೆಟ್ಟು ಬೀಳುತ್ತದೆ, ಬಹಳ ಜನ ಬಿಟ್ಟುಹೋಗುವುದು ಇಲ್ಲೇ. ಆದರೆ ಅದೇ ವರ್ಷದಲ್ಲಿ ಹಳೆಯ ಪಾಠದ ಯಾವ ಭಾಗ ನಿಮ್ಮ ಮೈಗೆ ನಿಜವಾಗಿ ಇಳಿದಿತ್ತು, ಯಾವುದು ಬರೀ ಕೈ ಬೀಸಾಟವಾಗಿತ್ತು ಅನ್ನುವುದು ಕಾಣುತ್ತದೆ.

ಎರಡನೆಯ ದಾರಿ, ಹಳೆಯದನ್ನೇ ಇಟ್ಟುಕೊಂಡು ಆ ಶಾಖೆಯವರನ್ನು ಹುಡುಕುವುದು. ಮೆಲ್ಬರ್ನ್ ಅಷ್ಟು ದೊಡ್ಡ ಊರು, ಬೇರೆ ಬೇರೆ ಶಾಖೆಗಳು ಇವೆ. ಸಿಗದಿದ್ದರೆ ಒಬ್ಬರೇ ಅಭ್ಯಾಸ ಮಾಡಬೇಕಾಗುತ್ತದೆ. ವಿಂಗ್ ಚುನ್ ಒಬ್ಬರೇ ಮಾಡುವ ವಿದ್ಯೆಯಲ್ಲ. ಎದುರಿಗೆ ಕೈ ಇಲ್ಲದೆ ವರ್ಷ ಕಳೆದರೆ ಫಾರ್ಮ್ ಉಳಿಯುತ್ತದೆ, ಒಳಗಿನದು ಸೋರಿಹೋಗುತ್ತದೆ.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು? ಈಗ ಬೇಡ. ಮುಂದೆ ಆಗಬಹುದು. ಎರಡರ ವ್ಯತ್ಯಾಸವನ್ನು ನೀವು ಬಾಯಲ್ಲಿ ಹೇಳಿ ಕೈಯಲ್ಲಿ ತೋರಿಸುವಂತಾದಾಗ ಎರಡೂ ನಿಮ್ಮವು. ಅಲ್ಲಿಯವರೆಗೆ ಎರಡೂ ಸೇರಿ ನಿಮ್ಮನ್ನೇ ಆಡಿಸುತ್ತವೆ.

ಹೊಸ ಸಿಫು ಬಗ್ಗೆ ಒಂದು ಪರೀಕ್ಷೆ. ತರಗತಿ ಮುಗಿದ ಮೇಲೆ, ಎಲ್ಲರ ಮುಂದೆ ಅಲ್ಲ, ವಿನಯವಾಗಿ ಕೇಳಿ: "ನಾನು ಹಳೆಯ ರೀತಿಯಲ್ಲಿ ಫುಕ್ ಸಾವ್ ಇಟ್ಟರೆ ಏನಾಗುತ್ತದೆ, ಸ್ವಲ್ಪ ತೋರಿಸುತ್ತೀರಾ?" ಒಳ್ಳೆಯ ಗುರು ನಿಮ್ಮ ಕೈ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಎಲ್ಲಿ ತೂತು ಬೀಳುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಕೆಲವೊಮ್ಮೆ "ಇದೂ ನಡೆಯುತ್ತದೆ, ಆದರೆ ನಾವು ಹೀಗೆ ಮಾಡುತ್ತೇವೆ" ಅಂತಲೂ ಹೇಳುತ್ತಾರೆ. ಅಂಥವರನ್ನು ಬಿಡಬೇಡಿ. "ನನ್ನ ಗುರು ಹೇಳಿದ್ದು, ಮುಗೀತು" ಎನ್ನುವವರಿಂದಲೂ ಕಲಿಯಬಹುದು, ಆದರೆ ನಿಧಾನ. "ಅಸಲಿ ಗುಟ್ಟಿನ ಫಾರ್ಮ್ ನನಗೊಬ್ಬನಿಗೇ ಕೊಟ್ಟಿದ್ದಾರೆ, ಅದಕ್ಕೆ ಬೇರೆ ಫೀಸು" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಇಪ್ ಮ್ಯಾನ್ ಸತ್ತ ಮೇಲೆ, ಬ್ರೂಸ್ ಲೀ ಅಲೆಯಲ್ಲಿ ಇಡೀ ಜಗತ್ತಿಗೆ ಕುಂಗ್ ಫೂ ಹುಚ್ಚು ಹತ್ತಿತು. ಆಗಿನಿಂದ ಈ ಗುಟ್ಟಿನ ವ್ಯಾಪಾರ ಚೆನ್ನಾಗಿ ನಡೆದಿದೆ. ಶಾಖೆಗೊಂದು ಸ್ಪೆಲ್ಲಿಂಗ್, ಶಾಖೆಗೊಂದು ಲೋಗೊ.

ಆರು ವರ್ಷ ದಂಡ ಅಲ್ಲ. ನಿಲ್ಲುವುದು, ಮೊಣಕೈ ತಗ್ಗಿಸುವುದು, ಭುಜ ಬಿಡುವುದು, ಹೊಡೆತ ಬಂದಾಗ ಕಣ್ಣು ಮುಚ್ಚದಿರುವುದು, ಇವು ಯಾವ ಶಾಖೆಯ ಸ್ವತ್ತೂ ಅಲ್ಲ. ಹೊಸದಾಗಿ ಶುರು ಮಾಡುವವರ ಪಕ್ಕ ನಿಂತು ನೋಡಿ, ನಿಮ್ಮ ಹತ್ತಿರ ಏನಿದೆ ಅಂತ ಗೊತ್ತಾಗುತ್ತದೆ.

ಇನ್ನು ಹಳೆಯ ಗುರುಗಳು. ನೀವು ಚಹಾ ಕೊಟ್ಟು, ಗುರುವೆಂದು ಒಪ್ಪಿಕೊಳ್ಳುವ ಬಾಯಿ ಸಿ ವಿಧಿ ಮಾಡಿಕೊಂಡ ಒಳಮನೆಯ ಶಿಷ್ಯರಾಗಿದ್ದರೆ, ಹೊಸ ಕಡೆ ಕಲಿಯುತ್ತಿದ್ದೇನೆ ಎಂದು ಅವರಿಗೆ ನೀವೇ ಹೇಳುವುದು ಮರ್ಯಾದೆ. ಬೇರೆಯವರ ಬಾಯಿಂದ ಕೇಳುವಂತೆ ಆಗಬಾರದು. ವಿಧಿ ಆಗಿಲ್ಲದಿದ್ದರೆ ಅನುಮತಿಯ ಪ್ರಶ್ನೆ ಬರುವುದಿಲ್ಲ, ಆದರೂ ಫೋನ್ ಮಾಡುವುದು ನಿಲ್ಲಿಸಬೇಡಿ. ಒಂದೇ ಎಚ್ಚರ. ಇಲ್ಲಿಯವರು ಹೀಗಂದರು ಅಂತ ಅಲ್ಲಿ, ಅಲ್ಲಿಯವರು ಹಾಗಂದರು ಅಂತ ಇಲ್ಲಿ ಹೇಳಬೇಡಿ. "ನಮ್ಮದೇ ಮೂಲ" ಎಂಬ ಮಾತಿನಲ್ಲಿ ಅರ್ಧಕ್ಕರ್ಧ ಶಿಷ್ಯ ಕೈತಪ್ಪಿ ಹೋದ ಬೇಜಾರು ಇರುತ್ತದೆ. ಮುಂದಿನ ಸಲ ಮಾತಾಡುವಾಗ ಯಾರದ್ದು ಸರಿ ಅಂತ ಕೇಳಬೇಡಿ. ತೂಕ ಯಾಕೆ ಹಿಂಗಾಲಿಗೆ ಇಡುತ್ತೇವೆ ಅಂತ ಕೇಳಿ. ಅವರು ಅರ್ಧ ಗಂಟೆ ಮಾತಾಡಿಯಾರು. ಆ ಅರ್ಧ ಗಂಟೆ ನಿಮಗೆ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ.